ಬ್ರಿಜಿಟ್ ಬಾಯಿ ಮತ್ತು ಗೋಸುಂಬೆಯ ಬಿಸಿಲು

ಆ ಬೆಳಿಗ್ಗೆ ನಾನು ಅಕ್ಕಿಯ ಉಂಡೆ ಬೇಯಿಸಿ ಪುಂಡಿ ಮಾಡಿದ್ದೆ. ಬಿಸಿ ಇರುವಾಗಲೇ ಕೊಟ್ಟು ಬರೋಣ ಅಂತ ತಟ್ಟೆ ಹಿಡಿದುಕೊಂಡು ಎದುರಿನ ಫ್ಲ್ಯಾಟಿನ ಬೆಲ್ ಒತ್ತಿದರೆ, ಬಾಗಿಲು ತೆರೆದ ಬ್ರಿಜಿಟ್ ಬಾಯಿ ತಟ್ಟೆಯ ಕಡೆ ನೋಡಲೇ ಇಲ್ಲ. ನನ್ನ ಮುಂಗೈ ಹಿಡಿದು ಒಳಗೆ ಕರೆದುಕೊಂಡು ಹೋದರು.

“ನೀರಜಕ್ಕ, ನೀವೊಮ್ಮೆ ನೋಡಿ. ನನಗೇ ಹಾಗೆ ಕಾಣುದೋ ಎಂತದೋ.”

ಹಾಲಿನ ಮೂಲೆಯಲ್ಲಿ, ಕುಳ್ಳ ಮೇಜಿನ ಮೇಲೆ ನನ್ನ ಎದೆಯೆತ್ತರದ ಒಂದು ಗೂಡು. ಸುತ್ತಲೂ ಮೇಲೂ ಕಪ್ಪು ಜಾಲರಿ, ಒಳಗೆ ಕುಂಡದ ಗಿಡಗಳು, ಅಡ್ಡಕ್ಕೆ ಕಟ್ಟಿದ ಕೊಂಬೆಗಳು. ಮೇಲಿನ ಕೊಂಬೆಯಲ್ಲಿ ಪಾಚು ಕೂತಿತ್ತು. ಪಾಚು ಅಂದರೆ ಬ್ರಿಜಿಟ್ ಬಾಯಿಯ ಮಗಳು ಪರ್ಲ್ ಸಾಕಿದ ಗೋಸುಂಬೆ. ಮೈ ಪೂರ್ತಿ ಹಸಿರು, ಪಕ್ಕೆಯಲ್ಲಿ ಅರಸಿನ ಬಣ್ಣದ ಗೆರೆ, ತಲೆಯ ಮೇಲೆ ಮಡಚಿದ ಟೊಪ್ಪಿಯಂಥ ಏಣು. ಬ್ರಿಜಿಟ್ ಬಾಯಿ ಒಂದು ಹುಳವನ್ನು ಅದರ ಮುಂದಿನ ಎಲೆಯ ಮೇಲೆ ಬಿಟ್ಟರು. ಪಾಚುವಿನ ಒಂದು ಕಣ್ಣು ಆ ಕಡೆ ತಿರುಗಿತು, ಆಮೇಲೆ ಇನ್ನೊಂದೂ ತಿರುಗಿತು. ದವಡೆ ತೆರೆಯಿತು. ಯಾವಾಗಲೂ ಬಾಣದ ಹಾಗೆ ಹೋಗಿ ಹುಳವನ್ನು ಹಿಡಿದು ತರುತ್ತಿದ್ದ ನಾಲಿಗೆ ಅರ್ಧ ದಾರಿಗೇ ಸೋತು, ಒದ್ದೆ ಹಗ್ಗದ ಹಾಗೆ ಜೋತು ಬಿತ್ತು. ಪಾಚು ಅದನ್ನು ಕಷ್ಟದಲ್ಲಿ ಒಳಗೆಳೆದುಕೊಂಡಿತು. ಹುಳ ತನ್ನಷ್ಟಕ್ಕೆ ನಡೆದುಕೊಂಡು ಎಲೆಯ ಅಡಿಗೆ ಹೋಯಿತು.

“ಯಾವಾಗಿಂದ ಹೀಗೆ?” ಎಂದೆ.

“ಕೆಲವು ದಿನ ಆಯ್ತು. ಮೊದಲು ಗುರಿ ತಪ್ಪಿದ್ದು ಅಂತ ಅಂದ್ಕೊಂಡೆ. ಈಗ ನೋಡಿದ್ರೆ ನಾಲಿಗೆಗೇ ಬಲ ಇಲ್ಲ. ಮುಂದಿನ ಕಾಲು ನೋಡಿ, ಮೊಣಕೈ ಹತ್ರ. ಬಗ್ಗಿದ ಹಾಗೆ ಇಲ್ವಾ?”

ಬಗ್ಗಿತ್ತು. ಹಸಿ ಕಡ್ಡಿಯನ್ನು ಯಾರೋ ಒತ್ತಿದ ಹಾಗೆ ಒಳಕ್ಕೆ ಬಾಗಿತ್ತು.

“ಪರ್ಲ್‌ಗೆ ಹೇಳಿದ್ರಾ?”

ಬ್ರಿಜಿಟ್ ಬಾಯಿ ಗೂಡಿನ ಬಾಗಿಲು ಮುಚ್ಚಿದರು. “ಅವಳಿಗೆ ಹೇಳುದಾ? ನಿಮ್ಮ ದಮ್ಮಯ್ಯ ನೀರಜಕ್ಕ, ನೀವು ಯಾರ ಹತ್ರವೂ ಹೇಳ್ಬೇಡಿ.”

ಹೆದರಿಕೆಗೆ ಕಾರಣ ಇತ್ತು. ಪರ್ಲ್ ಬಸುರಿ. ಹಿಂದೆ ಎರಡು ಸಲ ನಿಂತದ್ದು ಉಳಿದಿರಲಿಲ್ಲ. ಎರಡನೆಯದು ಹೋದ ಮೇಲೆ ಹುಡುಗಿ ಮಾತೇ ನಿಲ್ಲಿಸಿದ್ದಳು. ಆಗ ಅವಳ ಆಫೀಸಿನಲ್ಲಿ ಯಾರೋ ತಮ್ಮ ದೇಶಕ್ಕೆ ಹಿಂದೆ ಹೋಗುವವರು, ಬೆರಳುದ್ದದ ಈ ಗೋಸುಂಬೆಯನ್ನು ಗೂಡು, ಲೈಟು, ಗಿಡ ಸಮೇತ ಕೊಟ್ಟು ಹೋದರು. ಗಂಡ ರೋನ್ಸನ್ ಬೇಡ ಎಂದರೂ ಇವಳು ಇಟ್ಟುಕೊಂಡಳು. ಅದಕ್ಕೆ ಹುಳ ಹಾಕುತ್ತಾ, ಎಲೆಗೆ ನೀರು ಚಿಮುಕಿಸುತ್ತಾ ಮೆಲ್ಲಗೆ ಮನುಷ್ಯಳಾದಳು. ಮೂರನೆಯದು ನಿಂತಾಗ ಹೆರಿಗೆ ಡಾಕ್ಟರು, ಇಂಥ ಪ್ರಾಣಿಯ ಮೈಯಲ್ಲಿ ಹೊಟ್ಟೆ ಕೆಡಿಸುವ ರೋಗಾಣು ಇರಬಹುದು, ಬಸುರಿ ಮುಟ್ಟುವುದು ಬೇಡ ಎಂದರು. ಆಮೇಲೆ ಹಾಸಿಗೆ ಬಿಟ್ಟು ಏಳಲೇಬಾರದು ಎಂದೂ ಹೇಳಿದರು. ಹಾಗೆ ಪರ್ಲ್ ಇರುವ ಜಿಂಜ್‌ನಿಂದ ಪಾಚು ಈ ಬುಸೈತೀನಿಗೆ, ಅಮ್ಮನ ಮನೆಗೆ ಬಂತು.

“ಮಮ್ಮಿ, ನಿನ್ನ ಕೈಗೆ ಕೊಟ್ರೆ ನನಗೆ ಹೆದರಿಕೆ ಇಲ್ಲ,” ಅಂದಿದ್ದಳಂತೆ ಪರ್ಲ್. ಆ ಮಾತನ್ನು ಬ್ರಿಜಿಟ್ ಬಾಯಿ ನನಗೆ ಎಷ್ಟು ಸಲ ಹೇಳಿದ್ದಾರೋ.

ಅವರ ಕೈಯ ಬಗ್ಗೆ ಯಾರಿಗಾದರೂ ಹೆದರಿಕೆ ಇರಬೇಕಾಗಿಯೂ ಇರಲಿಲ್ಲ. ಬ್ರಿಜಿಟ್ ಬಾಯಿ ಮುದರಂಗಡಿ ಕಡೆಯವರು. ಮಂಗಳೂರಿನಲ್ಲಿ ನರ್ಸಿಂಗ್ ಕಲಿತು, ಮದುವೆಗೆ ಮೊದಲೇ ಗಲ್ಫಿನ ಈ ದೇಶಕ್ಕೆ ಬಂದವರು. ಬಂದ ಲಾಗಾಯ್ತು ರಿಟೈರ್ ಆಗುವ ತನಕ ಒಂದೇ ಆಸ್ಪತ್ರೆ, ಅದರಲ್ಲೂ ಹಸುಗೂಸುಗಳ ವಾರ್ಡು. ಕುವೈಟಿನ ಯುದ್ಧದಲ್ಲಿ ಇಲ್ಲಿ ಸೈರನ್ ಕೂಗಿದಾಗ, ತಿಂಗಳು ತುಂಬದೆ ಹುಟ್ಟಿದ ಒಂದು ಕೂಸನ್ನು ಎತ್ತಿ ಒಯ್ಯುವಂತಿರಲಿಲ್ಲ ಅಂತ, ಅದನ್ನು ಬೆಚ್ಚಗಿಡುವ ಪೆಟ್ಟಿಗೆಗೆ ಬೆನ್ನು ಕೊಟ್ಟು ನೆಲದಲ್ಲಿ ಕೂತಿದ್ದರಂತೆ. ಇದನ್ನು ಅವರು ಹೇಳಿದ್ದಲ್ಲ, ಅವರ ಗಂಡ ಹ್ಯೂಬರ್ಟ್ ಪೊರ್ಬುಗಳು ಹೇಳಿದ್ದು. ಕೇಳಿದರೆ ಇವರು, “ಮತ್ತೆಂತ ಮಾಡುದು, ಓಡ್ಲಿಕ್ಕೆ ಚಪ್ಪಲಿ ಸಿಕ್ಲಿಲ್ಲ,” ಎಂದು ನಗುತ್ತಾರೆ.

ಆ ವಾರ್ಡಿನಲ್ಲಿ ಅವರಿಗೆ ಎಲ್ಲಕ್ಕಿಂತ ಇಷ್ಟ ಹಳದಿ ಮಕ್ಕಳು. ಹುಟ್ಟಿದ ಕೂಸಿಗೆ ಕಾಮಾಲೆ ಬಂದು ಮೈ ಹಳದಿಯಾದರೆ ನೀಲಿ ಲೈಟಿನ ಅಡಿ ಮಲಗಿಸುತ್ತಾರಲ್ಲ, ಅವು. ಕೂಸು ಪಾರದರ್ಶಕ ಪ್ಲಾಸ್ಟಿಕ್ಕಿನ ಪೆಟ್ಟಿಗೆಯಲ್ಲಿ ಬೆಚ್ಚಗೆ ಇರುತ್ತದೆ, ಲೈಟು ಪೆಟ್ಟಿಗೆಯ ಮುಚ್ಚಳದ ಮೇಲೆ ಹೊರಗಿನಿಂದ ಉರಿಯುತ್ತದೆ. ಕಣ್ಣಿಗೊಂದು ಸಣ್ಣ ಪಟ್ಟಿ. ಹಳದಿ ಜಾಸ್ತಿ ಇದ್ದರೆ ಲೈಟನ್ನು ಹತ್ತಿರ ತರುವುದು, ಇನ್ನೊಂದು ಲೈಟು ಇಡುವುದು. ಆಯುಷ್ಯವಿಡೀ ಮಾಡಿದ ಕೆಲಸ ಅದು.

ಪಾಚು ಬಂದಾಗ ಅವರಿಗೆ ಅದೇ ನೆನಪಾದದ್ದರಲ್ಲಿ ಆಶ್ಚರ್ಯ ಇಲ್ಲ. ಗೂಡಿನ ಮೇಲೆ ಜಾಲರಿಗೆ ತಾಗಿಸಿ ಒಂದು ಉದ್ದ ಟ್ಯೂಬ್‌ಲೈಟ್ ಇಡಲಿಕ್ಕಿತ್ತು. ಅದು ಮನೆಯ ಲೈಟಿನಂಥದ್ದಲ್ಲ, ಬಿಸಿಲಿನಲ್ಲಿರುವ ಕಣ್ಣಿಗೆ ಕಾಣದ ಒಂದು ಕಿರಣ ಅದರಿಂದ ಬರುತ್ತದೆ, ಯುವಿಬಿ ಎನ್ನುತ್ತಾರೆ. ದಿನಕ್ಕೆ ಎರಡು ಮೂರು ಸಲ ಎಲೆಗಳಿಗೆ ನೀರು ಚಿಮುಕಿಸಬೇಕು, ಗೋಸುಂಬೆ ಪಾತ್ರೆಯ ನೀರು ಕುಡಿಯುವುದಿಲ್ಲ, ಎಲೆಯ ಹನಿ ನೆಕ್ಕುತ್ತದೆ. ಆ ನೀರು ಲೈಟಿಗೆ ಹಾರಿ ಶಾಕ್ ಹೊಡೆದರೆ? ಟ್ಯೂಬು ಒಡೆದು ಪಾಚುವಿನ ಮೇಲೆ ಬಿದ್ದರೆ? ಬ್ರಿಜಿಟ್ ಬಾಯಿ ಹ್ಯೂಬರ್ಟ್ ಪೊರ್ಬುಗಳ ಹತ್ತಿರ ಹೇಳಿ, ಅಳತೆಗೆ ಕತ್ತರಿಸಿದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಒಂದನ್ನು ತರಿಸಿ ಜಾಲರಿಯ ಮೇಲೆ ಹಾಸಿದರು. ಅದರ ಮೇಲೆ ಲೈಟು. ಪ್ರತಿದಿನ ಹಾಳೆಯನ್ನು ಕನ್ನಡಿಯ ಹಾಗೆ ಒರೆಸುತ್ತಿದ್ದರು. ನಾನೇ ಎಷ್ಟೋ ಸಲ, “ಎಷ್ಟು ಚಂದ ಇಟ್ಟಿದ್ದೀರಿ,” ಎಂದಿದ್ದೇನೆ.

ತಿಂಗಳುಗಳು ಹೋದವು. ಪಾಚು ಬೆರಳುದ್ದ ಇದ್ದದ್ದು ಗೇಣುದ್ದ ಬೆಳೆಯಿತು. ಹುಳಗಳಿಗೆ ಕ್ಯಾಲ್ಸಿಯಂ ಪುಡಿ ಸವರಿಯೇ ಹಾಕುತ್ತಿದ್ದರು, ಒಂದು ದಿನವೂ ತಪ್ಪಿದ್ದಿಲ್ಲ. ಅಂಗಡಿಯವರು ಆ ಹುಳಕ್ಕೆ ಕ್ರಿಕೆಟ್ ಎನ್ನುತ್ತಾರೆ. ಹ್ಯೂಬರ್ಟ್ ಪೊರ್ಬುಗಳು ಜುಫೈರಿನ ಹೋಟೆಲಿನಲ್ಲಿ ಸ್ಟೋರ್ ನೋಡಿಕೊಳ್ಳುವವರು, ಮನೆಗೆ ಬಂದು ಬೂಟು ಬಿಚ್ಚುವಾಗಲೇ, “ಇವತ್ತು ಎಷ್ಟು ವಿಕೆಟ್ ಹೋಯ್ತು ಮಾರಾಯ್ತಿ?” ಎಂದು ಕೇಳುತ್ತಿದ್ದರು. ಅಷ್ಟು ಚಂದ ಇತ್ತು ಎಲ್ಲಾ.

ಈಗ ನಾಲಿಗೆ ಸೋತ ಮೇಲೆ ಅವರೂ ವಿಕೆಟ್ ಕೇಳುವುದನ್ನು ಬಿಟ್ಟರು.

ಎಲ್ಲಕ್ಕಿಂತ ಕಷ್ಟ ಸಂಜೆಯದ್ದು. ಪರ್ಲ್ ಹಾಸಿಗೆಯಿಂದಲೇ ವಿಡಿಯೋ ಕಾಲ್ ಮಾಡುತ್ತಾಳೆ, “ಪಾಚುವನ್ನು ತೋರ್ಸು ಮಮ್ಮಿ.” ಬ್ರಿಜಿಟ್ ಬಾಯಿ ಫೋನನ್ನು ಎಡಗಡೆಯಿಂದ, ಎಲೆ ಅಡ್ಡ ಬರುವ ಹಾಗೆ ಹಿಡಿಯುತ್ತಾರೆ. ಬಗ್ಗಿದ ಕಾಲು ಬಲಗಡೆಯದ್ದು.

“ಯಾಕೆ ಅವ ಡಲ್ ಇದ್ದಾನೆ?”

“ಈಗಷ್ಟೇ ತಿಂದದ್ದಲ್ವಾ ಮಗಾ. ನಿದ್ದೆ.”

ಫೋನು ಇಟ್ಟ ಮೇಲೆ ಸೋಫಾದಲ್ಲಿ ಕೂತು ಕೈ ನೋಡಿಕೊಳ್ಳುತ್ತಿದ್ದರು. ನಾನು ಪಕ್ಕದಲ್ಲಿ ಕೂರುತ್ತಿದ್ದೆ, ಅಷ್ಟೆ.

ಪ್ರಾಣಿಗಳ ಡಾಕ್ಟರ ಹತ್ತಿರ ಹೋದದ್ದು ಆ ವಾರವೇ. ಮನಾಮಾ ಕಡೆಯ ಒಂದು ಕ್ಲಿನಿಕ್ಕು. ನನ್ನನ್ನೂ ಜೊತೆಗೆ ಕರೆದರು. ಡಾಕ್ಟರು ಶಹೀದಾ ಅಂತ, ಉಳ್ಳಾಲದ ಬ್ಯಾರಿ ಹುಡುಗಿ. ನಮ್ಮ ಮಾತು ಕೇಳಿದ್ದೇ, “ಅಯ್ಯೋ, ಊರಿನವರಾ!” ಎಂದು ಖುಷಿಪಟ್ಟಳು. ಆದರೆ ಎಕ್ಸ್‌ರೇ ನೋಡಿದ ಮೇಲೆ ಆ ಖುಷಿ ಮುಖದಲ್ಲಿ ಉಳಿಯಲಿಲ್ಲ.

“ಸಿಸ್ಟರ್, ಮೂಳೆ ಇಲ್ಲಿ ಬಿಳಿ ಕಾಣ್ಬೇಕು. ನೋಡಿ, ಮಂಜಿನ ಹಾಗೆ ಉಂಟು. ಮೂಳೆಯಲ್ಲಿ ಗಟ್ಟಿತನವೇ ಇಲ್ಲ. ನಾಲಿಗೆಯ ಬುಡದಲ್ಲೂ ಒಂದು ಮೂಳೆ ಉಂಟು, ಅದಕ್ಕೇ ನಾಲಿಗೆ ಹೋಗುದಿಲ್ಲ. ಕ್ಯಾಲ್ಸಿಯಂ ಕೊಡುದಿಲ್ವಾ ನೀವು?”

“ಕೊಡದೆ? ದಿನಾ ಕೊಡ್ತೇನೆ ಡಾಕ್ಟ್ರೇ.”

“ಯುವಿಬಿ ಲೈಟು?”

“ಅದೂ ಉಂಟು. ಪಾಚು ನಮ್ಮಲ್ಲಿಗೆ ಬಂದಾಗ ಹೊಸ ಟ್ಯೂಬೇ ಹಾಕಿದ್ದು.”

“ಆ ಕಿರಣ ಮೈಮೇಲೆ ಬೀಳದಿದ್ರೆ ಎಷ್ಟು ಕ್ಯಾಲ್ಸಿಯಂ ತಿಂದ್ರೂ ಮೂಳೆಗೆ ಸೇರುದಿಲ್ಲ. ಲೈಟು ಎಲ್ಲಿ ಇಟ್ಟಿದ್ದೀರಿ?”

“ಗೂಡಿನ ಮೇಲೆ.”

“ಅವನಿಗೂ ಲೈಟಿಗೂ ಮಧ್ಯದಲ್ಲಿ ಎಂತ ಉಂಟು?”

“ಎಂತ ಇಲ್ಲ. ಜಾಲರಿ ಮಾತ್ರ.”

ಸುಳ್ಳು ಹೇಳಲಿಲ್ಲ ಅವರು. ವಾರ್ಡಿನಲ್ಲಿ ಕೂಸಿಗೂ ಲೈಟಿಗೂ ಮಧ್ಯೆ ಏನಿದೆ ಎಂದು ಕೇಳಿದ್ದರೂ ಏನಿಲ್ಲ ಎಂದೇ ಹೇಳುತ್ತಿದ್ದರು. ಪೆಟ್ಟಿಗೆಯ ಮುಚ್ಚಳವನ್ನು ಅಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲವಲ್ಲ. ದಿನಾ ಆ ಹಾಳೆ ನೋಡುತ್ತಿದ್ದ ನನಗೂ ಹೊಳೆಯಲಿಲ್ಲ.

ಡಾಕ್ಟರು ಹಣೆ ಉಜ್ಜಿಕೊಂಡಳು. ಕುಡಿಸಲಿಕ್ಕೆ ಒಂದು ದ್ರವದ ಔಷಧ ಕೊಟ್ಟಳು. ಬದುಕುತ್ತದಾ ಎಂದು ಬ್ರಿಜಿಟ್ ಬಾಯಿ ಕೇಳಿದ್ದಕ್ಕೆ, “ನಿಮಗೆ ನಾನು ಸುಮ್ನೆ ಸಮಾಧಾನ ಹೇಳುದಿಲ್ಲ ಸಿಸ್ಟರ್. ಕಾರಣ ಸಿಗದಿದ್ರೆ ಈ ಔಷಧ ನಾಲ್ಕು ದಿನದ ಮಾತು,” ಎಂದಳು. ಆಮೇಲೆ ಡ್ರಾಯರಿನಿಂದ ಬೆರಳುದ್ದದ ಒಂದು ಬಿಳಿ ಕಾರ್ಡು ತೆಗೆದಳು. ಆ ಜಾತಿಯ ಕಿರಣ ಬಿದ್ದರೆ ಕಾರ್ಡಿನ ಮಧ್ಯದ ಚುಕ್ಕೆ ನೇರಳೆ ಬಣ್ಣಕ್ಕೆ ತಿರುಗುತ್ತದಂತೆ. “ಎಷ್ಟು ಬೀಳ್ತದೆ ಅಂತ ಇದು ಹೇಳುದಿಲ್ಲ, ಬೀಳ್ತದೋ ಇಲ್ವೋ ಅಂತ ಮಾತ್ರ. ಕೆಲವು ಟ್ಯೂಬು ಉರೀತದೆ, ಒಳಗಿಂದ ಸತ್ತಿರ್ತದೆ. ಅವ ಕೂರುವ ಜಾಗದಲ್ಲಿ ಹಿಡ್ದು ನೋಡಿ.”

ಮನೆಗೆ ಬಂದವರೇ ಬ್ರಿಜಿಟ್ ಬಾಯಿ ಚೇರು ಎಳೆದು ಹತ್ತಿದರು. ಬೇಡ, ಬೀಳ್ತೀರಿ ಎಂದರೆ ಕೇಳಬೇಕಲ್ಲ. ನಾನು ಚೇರು ಹಿಡಿದು ನಿಂತೆ. ಮೊದಲು ಟ್ಯೂಬಿನ ಅಡಿಯಲ್ಲಿ, ಹಾಳೆಯ ಮೇಲೆ ಕಾರ್ಡು ಇಟ್ಟರು. ನೋಡುತ್ತಿದ್ದ ಹಾಗೆ ಚುಕ್ಕೆ ಹಣ್ಣಾದ ನೇರಳೆಯ ಬಣ್ಣಕ್ಕೆ ತಿರುಗಿತು.

“ಲೈಟು ಸರಿಯಿದೆ ನೀರಜಕ್ಕ!” ಅವರ ಸ್ವರದಲ್ಲಿ ಎಷ್ಟೋ ದಿನದ ಮೇಲೆ ಜೀವ ಬಂದಿತ್ತು.

ಇಳಿದು ಬಂದು ಗೂಡಿನ ಬಾಗಿಲು ತೆರೆದು, ಪಾಚುವಿನ ಬೆನ್ನಿನ ಮೇಲೆ ಕಾರ್ಡು ಹಿಡಿದರು. ಬಣ್ಣ ಇಳಿಯುತ್ತಾ ಬಂತು. ನೇರಳೆ ಇದ್ದದ್ದು ತಿಳಿಯಾಗಿ, ಮತ್ತೆ ಬಿಳಿಯಾಯಿತು. ಕಾದರು. ಬಿಳಿಯೇ.

“ಕಾರ್ಡು ಹಾಳಾದ್ದಿರ್ಬೇಕು,” ಎಂದು ಮತ್ತೆ ಮೇಲೆ ಹತ್ತಿದರು. ಮೇಲೆ ನೇರಳೆ. ಕೆಳಗೆ ಬಿಳಿ. ಮೂರನೆಯ ಸಲ ಕಾರ್ಡನ್ನು ಹಾಳೆಗೆ ತಾಗಿಸಿ ಅಡಿಯಿಂದ ಹಿಡಿದರು. ಹಾಳೆಯ ದಪ್ಪದಷ್ಟೇ ಅಂತರ, ಆದರೂ ಬಿಳಿ.

ಬ್ರಿಜಿಟ್ ಬಾಯಿ ಚೇರಿನಿಂದ ಇಳಿದವರು ನೆಲದಲ್ಲೇ ಕುಳಿತರು. “ನೀರಜಕ್ಕ, ನನ್ನ ಮಕ್ಕಳು,” ಎಂದರು.

ಪರ್ಲ್‌ಗೆ ಏನೋ ಆಯಿತು ಎಂದುಕೊಂಡೆ.

“ವಾರ್ಡಿನ ಮಕ್ಕಳು! ಎಲ್ಲಾ ಈ ಪ್ಲಾಸ್ಟಿಕ್ಕಿನ ಅಡಿಯಲ್ಲೇ ಮಲಗಿದ್ದಲ್ವಾ? ಲೈಟು ದಾಟಿ ಬಾರದೇ ಇದ್ರೆ ಅವರೆಲ್ಲಾ...” ಅಷ್ಟಕ್ಕೇ ಬಿಟ್ಟು ಫೋನು ಹುಡುಕಿದರು. ನಂಬರು ನಾನು ಒತ್ತಿ ಕೊಟ್ಟೆ.

ಶಹೀದಾ ಡಾಕ್ಟರ ಸ್ವರ ಸ್ಪೀಕರಿನಲ್ಲಿ ಕೇಳಿತು. “ಸಿಸ್ಟರ್, ಸಿಸ್ಟರ್, ನಿಲ್ಲಿ. ಅದು ನೀಲಿ ಬೆಳಕು, ಕಣ್ಣಿಗೆ ಕಾಣುವಂಥದ್ದು. ಅದು ಆ ಪ್ಲಾಸ್ಟಿಕ್ ದಾಟಿ ಹೋಗ್ತದೆ. ಮಕ್ಕಳ ಹಳದಿ ಇಳೀಲಿಲ್ವಾ? ರಕ್ತದ ರಿಪೋರ್ಟು ನೀವೇ ನೋಡ್ಲಿಲ್ವಾ?”

“ಇಳೀತಿತ್ತು,” ಎಂದರು ಇವರು, ಮಗುವಿನ ಹಾಗೆ.

“ಮತ್ತೆ? ಈ ಕಿರಣ ಬೇರೆ. ಗಾಜು, ಪ್ಲಾಸ್ಟಿಕ್ ಇದನ್ನು ನುಂಗಿ ಬಿಡ್ತದೆ. ಪಾಚುವಿಗೆ ಬೆಳಕು ಸಿಕ್ಕಿದೆ, ಬಿಸಿಲು ಸಿಗ್ಲಿಲ್ಲ. ಹಾಳೆ ತೆಗೀರಿ ಮೊದಲು.”

ಹಾಳೆಯನ್ನು ತೆಗೆದು ಗೋಡೆಗೆ ಆನಿಸಿದರು. ನನಗೆ ಇನ್ನು ಸರಿಯಾದೀತು ಅನ್ನಿಸಿತು. ಆದರೆ ತಪ್ಪು ತನ್ನದು ಎಂದು ಗೊತ್ತಾದ ಮನುಷ್ಯ ಸುಮ್ಮನೆ ಕೂರುವುದಿಲ್ಲ. ಡಾಕ್ಟರು ಹೇಳಿದ್ದು ಹಾಳೆ ತೆಗೆಯಲಿಕ್ಕೆ ಮಾತ್ರ. ಇವರು ಆ ಸಂಜೆ ಗಂಡ ಬಂದ ಮೇಲೆ ಇನ್ನೊಂದು ಕೆಲಸವನ್ನೂ ಮಾಡಿಸಿದರು. ಅದು ನನಗೆ ಗೊತ್ತಾದದ್ದು ಮಾರನೆಯ ದಿನ ಹೋದಾಗ.

ಲೈಟು ಗೂಡಿನ ಮೇಲೆ ಇರಲಿಲ್ಲ. ಒಳಗೆ, ಪಾಚು ಕೂರುವ ಕೊಂಬೆಯ ಪಕ್ಕಕ್ಕೆ ಕಟ್ಟಿದ್ದರು. ಕೂಸಿಗೆ ಹಳದಿ ಜಾಸ್ತಿಯಾದರೆ ಲೈಟು ಹತ್ತಿರ ತರುವುದು. ಅದೇ ಲೆಕ್ಕ. ಪಾಚು ಕೊಂಬೆಯ ಆ ತುದಿಗೆ ಹೋಗಿ ಮುದುರಿಕೊಂಡಿತ್ತು. ಮೈ ಮಣ್ಣಿನ ಬಣ್ಣ. ಹಾಡುಹಗಲು, ಎರಡೂ ಕಣ್ಣು ಮುಚ್ಚಿತ್ತು.

“ಬ್ರಿಜಿಟ್ ಬಾಯಿ, ಇದು ಕಣ್ಣು ಮುಚ್ಚಿದೆ.”

“ಮಲಗಿದ್ದಾನೆ.”

“ಮಲಗಿದ್ದಲ್ಲ. ನೋಡಿ, ಕಾಲು ಅಲುಗಾಡ್ತಾ ಉಂಟು. ಇದು ಆ ಲೈಟಿಂದ ತಪ್ಪಿಸ್ಕೊಳ್ಳಿಕ್ಕೆ ನೋಡುದು.”

ಅವರು ಹತ್ತಿರ ಬಂದು ನೋಡಿದರು. ಸ್ವಿಚ್ಚಿಗೆ ಓಡಿದರು. ಲೈಟು ಆರಿದರೂ ಕಣ್ಣು ತೆರೆಯಲಿಲ್ಲ.

ಮತ್ತೆ ಡಾಕ್ಟರಿಗೆ ಫೋನು ಮಾಡಿ ಹೇಳಿದೆವು. ಈ ಸಲ ಅವಳ ಸ್ವರದಲ್ಲಿ ಬೈಗುಳ ಇತ್ತು. “ಯಾ ಅಲ್ಲಾಹ್! ಸೂರ್ಯ ಪಕ್ಕದಿಂದ ಬರ್ತಾನಾ ಸಿಸ್ಟರ್? ಮೇಲಿಂದ ಬಂದ್ರೆ ಅವನ ಹುಬ್ಬೇ ಕಣ್ಣಿಗೆ ನೆರಳು. ಪಕ್ಕದಿಂದ ಹೊಡೆದ್ರೆ ಎಲ್ಲಿಗೆ ಹೋಗ್ಬೇಕು ಅವ? ಕಮ್ಮಿ ಆದ್ರೆ ಮೂಳೆ ಹೋಗ್ತದೆ, ಜಾಸ್ತಿ ಆದ್ರೆ ಕಣ್ಣು ಹೋಗ್ತದೆ. ಒಳಗೆ ಇಡ್ಲಿಕ್ಕೇ ಇಲ್ಲ, ಸುಟ್ಟುಕೊಳ್ತಾನೆ.”

“ಕಣ್ಣು ಹೋಯ್ತಾ?” ಎಂದರು ಬ್ರಿಜಿಟ್ ಬಾಯಿ.

“ಒಂದೇ ರಾತ್ರಿ ಹಗಲು ಅಲ್ವಾ, ಉಳೀಬಹುದು. ಇವತ್ತು ಲೈಟು ಬೇಡ, ಮಬ್ಬು ಮಾಡಿ ಬಿಡಿ. ಪೊರ್ಬುಗಳು ಇದ್ದಾರಾ? ಅವರಿಗೆ ಕೊಡಿ ಫೋನು. ನೀವು ಕೇಳುವ ಸ್ಥಿತಿಯಲ್ಲಿ ಇಲ್ಲ.”

ಹ್ಯೂಬರ್ಟ್ ಪೊರ್ಬುಗಳಿಗೆ ಆ ದಿನ ರಜೆ. ಫೋನು ಕಿವಿಗಿಟ್ಟು ಹೂಂ ಹೂಂ ಎನ್ನುತ್ತಾ ಗೂಡಿನ ಸುತ್ತ ಒಂದು ಸುತ್ತು ಬಂದರು. ಲೈಟನ್ನು ಮತ್ತೆ ಮೇಲಕ್ಕೆ ಇಡಬೇಕು. ಅವ ಕೂರುವ ಅತಿ ಮೇಲಿನ ಕೊಂಬೆಯಲ್ಲಿ ಅವನ ಬೆನ್ನಿಗೂ ಟ್ಯೂಬಿಗೂ ಒಂದು ದೊಡ್ಡ ಗೇಣು.

“ಕೊಂಬೆಯಿಂದ ಒಂದು ಗೇಣು, ಗೊತ್ತಾಯ್ತು,” ಎಂದರು ಇವರು.

“ಕೊಂಬೆಯಿಂದ ಅಲ್ಲ ಅಂಕಲ್, ಬೆನ್ನಿಂದ. ಮತ್ತೆ ಅವ ಮೇಲಿನ ಜಾಲರಿಗೆ ಹಿಡ್ಕೊಂಡು ನೇತಾಡುದಿಲ್ವಾ?”

ಪೊರ್ಬುಗಳು ಹೆಂಡತಿಯ ಮುಖ ನೋಡಿದರು. “ನೇತಾಡ್ತಾನೆ,” ಎಂದರು ಬ್ರಿಜಿಟ್ ಬಾಯಿ. “ನೇಂದ್ರ ಬಾಳೆಗೊನೆಯ ಹಾಗೆ.”

“ಹಾಗಾದ್ರೆ ಲೈಟು ಜಾಲರಿಗೆ ತಾಗಿ ಇರ್ಬಾರ್ದು. ಕಾಲು ಕೊಟ್ಟು ಒಂದು ಹಿಡಿ ಎತ್ತರಿಸಿ. ಮೇಲಿನ ಕೊಂಬೆಯನ್ನೂ ಸ್ವಲ್ಪ ಇಳಿಸಿ. ಗಟ್ಟಿ ಕಟ್ಟಿ, ಬೀಳ್ಬಾರ್ದು. ಒಂದು ಕಡೆ ಎಲೆ ದಪ್ಪ ಇರ್ಲಿ, ಬೇಡ ಅನ್ನಿಸಿದ್ರೆ ಅವನೇ ನೆರಳಿಗೆ ಹೋಗ್ತಾನೆ. ನೀರು ಹಾಕುವಾಗ ಸ್ವಿಚ್ ಆಫ್. ವಯರು ಪ್ಲಗ್ಗಿಂದ ಕೆಳಗೆ ಜೋತು ಬಿದ್ದು ಮತ್ತೆ ಮೇಲೆ ಹೋಗ್ಲಿ, ಆಗ ಹನಿ ಜಾರಿದ್ರೂ ಪ್ಲಗ್ಗಿಗೆ ಹೋಗುದಿಲ್ಲ, ನೆಲಕ್ಕೆ ಬೀಳ್ತದೆ.”

“ನೀರಿಗೆ ಹೆದರಿಯೇ ನಾನು ಹಾಳೆ ಹಾಕಿದ್ದು,” ಎಂದು ಬ್ರಿಜಿಟ್ ಬಾಯಿ ಮೆಲ್ಲಗೆ ಹೇಳಿದರು. ಡಾಕ್ಟರಿಗೆ ಕೇಳಿಸಿತೋ ಇಲ್ಲವೋ.

ಪೊರ್ಬುಗಳು ಹಳೆಯ ಕಪಾಟಿನ ಹಲಗೆ ಕತ್ತರಿಸಿ ನಾಲ್ಕು ಕಾಲು ಮಾಡಿದರು. ಗೇಣು ಅಳೆಯುವಾಗ ಗಂಡ ಹೆಂಡತಿಗೆ ಜಗಳವೇ ಆಯಿತು.

“ನಿನ್ನ ಗೇಣು ಸಣ್ಣದು, ನನ್ನ ಗೇಣು ಹಾಕು.”

“ನಿಮ್ಮ ಗೇಣು ಹೋಟೆಲಿನ ಸ್ಟೋರಿಗೆ ಆಯ್ತು. ಇಲ್ಲಿಗೆ ಸ್ಕೇಲು ತನ್ನಿ.”

“ಸ್ಕೇಲು ಹಿಡಿದವಳಲ್ವಾ ಲೈಟನ್ನು ಅವನ ಕಿಸೆಗೆ ಹಾಕಿದ್ದು!”

ಹೇಳಿದ ಮೇಲೆ ಅವರಿಗೇ ಬೇಡವಾಗಿತ್ತು ಅನ್ನಿಸಿರಬೇಕು. ಬ್ರಿಜಿಟ್ ಬಾಯಿ ಸ್ಕೇಲು ತಂದು ಗೂಡಿನ ಮೇಲೆ ಇಟ್ಟು ಅಡುಗೆ ಮನೆಗೆ ಹೋದರು. ಪೊರ್ಬುಗಳು ಸ್ಕೇಲು ಹಿಡಿದೇ ಅಳೆದು ಕಟ್ಟಿದರು.

ಕೆಲಸ ಎಲ್ಲಾ ಮುಗಿಯಿತು. ಪಾಚುವಿನ ಕಣ್ಣು ಮಾತ್ರ ತೆರೆಯಲಿಲ್ಲ. ಸಂಜೆ ಪರ್ಲ್‌ನ ಕಾಲ್ ಬರುವ ಹೊತ್ತಾಯಿತು. ಪೊರ್ಬುಗಳು, “ಇವತ್ತು ನೆಟ್ ಇಲ್ಲ ಅಂತ ಮೆಸೇಜು ಹಾಕ್ತೇನೆ,” ಎಂದರು. “ಅವಳ ಬಿಪಿ ಏರಿದ್ರೆ ನಾವು ಯಾರಿಗೆ ಹೇಳುದು?”

ಬ್ರಿಜಿಟ್ ಬಾಯಿ ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದರು. “ಅಷ್ಟು ವರ್ಷ ವಾರ್ಡಿನಲ್ಲಿ ನಾನು ಯಾವ ತಾಯಿಗೂ ಸುಳ್ಳು ಹೇಳಿದವಳಲ್ಲ. ಡಾಕ್ಟ್ರುಗಳು ತಿರುಗಿಸಿ ಹೇಳ್ತಿದ್ರು, ನಾನು ಹೋಗಿ ಮಂಚದ ಹತ್ರ ಕೂತು ನೇರ ಹೇಳ್ತಿದ್ದೆ. ಈ ಒಂದು ವಾರ ನನ್ನ ಮಗಳಿಗೇ ಎಡಗಡೆ ಮಾತ್ರ ತೋರ್ಸಿದೆ.”

“ಅವರು ಬೇರೆ ತಾಯಂದಿರು ಬ್ರಿಜಿಟ್.”

“ಇವಳೂ ತಾಯಿಯೇ.”

ಫೋನು ರಿಂಗಾಯಿತು. ನಾನು ಎದ್ದು ಹೋಗೋಣ ಎಂದರೆ ಬ್ರಿಜಿಟ್ ಬಾಯಿ ನನ್ನ ಸೀರೆಯ ಸೆರಗು ಹಿಡಿದು ಕೂರಿಸಿದರು. ಪರ್ಲ್‌ನ ಮುಖ ಪರದೆಯಲ್ಲಿ ಬಂತು, ದಿಂಬಿಗೆ ಒರಗಿ, ಕೂದಲು ಮೇಲೆ ಕಟ್ಟಿ.

“ಪರ್ಲ್, ನೀನು ಮಲಗಿಯೇ ಇರು. ರೋನ್ಸನ್ ಹತ್ರ ಇದ್ದಾನಾ? ಅವನನ್ನು ಕರೆ. ಪಾಚುವಿಗೆ ಹುಷಾರಿಲ್ಲ. ತಪ್ಪು ನನ್ನದು.”

ಎಲ್ಲಾ ಹೇಳಿದರು. ಹಾಳೆ, ಕಾಲು, ನಾಲಿಗೆ, ಎಲೆ ಅಡ್ಡ ಹಿಡಿದದ್ದು, ಒಳಗೆ ಕಟ್ಟಿದ ಲೈಟು, ಮುಚ್ಚಿದ ಕಣ್ಣು. ಒಂದನ್ನೂ ಬಿಡಲಿಲ್ಲ. ಪೊರ್ಬುಗಳು ಶಿಲುಬೆಯ ಗುರುತು ಮಾಡಿಕೊಂಡರು.

“ಹೌ ಲಾಂಗ್, ಮಮ್ಮಿ? ಎಷ್ಟು ದಿನ ನನಗೆ ಸುಳ್ಳು ಹೇಳಿದ್ದು?”

“ಒಂದು ವಾರದ ಮೇಲೆ.”

“ಅವ ಯಾಕೆ ಡಲ್ ಅಂತ ನಾನು ಕೇಳಿದ್ದೆ. ಕೇಳಿದ್ದೆ ತಾನೆ?”

“ಕೇಳಿದ್ದಿ.”

“ಎಲ್ಲರೂ ನನಗೆ ಹೀಗೇ ಮಾಡುದು. ಹೋದ ಸಲವೂ ಸ್ಕ್ಯಾನ್ ಮಾಡಿದವಳು ಸರಿಯಿದೆ ಅಂತ ನಗಾಡಿದ್ಳು. ನೀನೂ ಹಾಗೇ ಮಾಡಿದೆ.” ಅವಳು ಅಳುತ್ತಿರಲಿಲ್ಲ, ಅದೇ ಹೆಚ್ಚು ಹೆದರಿಕೆ. “ಬದುಕಿದ್ದಾನಾ?”

“ಬದುಕಿದ್ದಾನೆ. ನಾಳೆಯದ್ದು ನನಗೆ ಗೊತ್ತಿಲ್ಲ.”

“ಫೋನು ಕಟ್ ಮಾಡ್ಬೇಡ. ಅವನ ಎದುರು ಇಡು. ನಾನು ನೋಡ್ಬೇಕು.”

ಫೋನನ್ನು ಸ್ಟೂಲಿನ ಮೇಲೆ ಹುಳದ ಡಬ್ಬಕ್ಕೆ ಆನಿಸಿ, ಬಲಗಡೆಯೇ ಕಾಣುವ ಹಾಗೆ ಇಟ್ಟರು. ಮಲಗುವ ಹೊತ್ತಿಗೆ ಪರ್ಲ್ ಕಾಲ್ ಕಟ್ ಮಾಡಿದಳು, ಬೆಳಿಗ್ಗೆ ಮತ್ತೆ ಮಾಡಿದಳು. ಹಾಸಿಗೆಯಲ್ಲಿ ಕೈಕಾಲು ಕಟ್ಟಿದ ಹಾಗೆ ಇರುವ ಹುಡುಗಿ ಇಡೀ ದಿನ ಅಲ್ಲಿಂದ ನೋಡುತ್ತಿದ್ದಳು, ಇಲ್ಲಿ ತಾಯಿ ಗೂಡಿನ ಪಕ್ಕ ನೆಲದಲ್ಲಿ ಕೂತಿದ್ದರು. ಲೈಟು ಈಗ ಮೇಲಿನಿಂದ, ಎಲೆಗಳ ನಡುವೆ ಇಳಿದು ಬರುತ್ತಿತ್ತು. ಸಿರಿಂಜಿನಲ್ಲಿ ಹನಿ ಹನಿಯಾಗಿ ಔಷಧ. ಮೊದಮೊದಲು ಪರ್ಲ್ ಮಾತಾಡುತ್ತಿದ್ದದ್ದು ಪಾಚುವಿನ ಹತ್ತಿರ ಮಾತ್ರ. ತಾಯಿಗೆ ಒಂದೊಂದು ಆಜ್ಞೆ, ಅಷ್ಟೆ. “ಎಲೆಗೆ ನೀರು ಹಾಕು. ಸ್ವಿಚ್ ಆಫ್ ಮಾಡಿದ್ಯಾ?” “ಮಾಡಿದೆ.” “ತೋರ್ಸು.” ಇವರು ಸ್ವಿಚ್ಚನ್ನು ತೋರಿಸುತ್ತಿದ್ದರು. ಮಗಳು ಹಾಗೆ ಕೇಳುವಾಗ ನನಗೆ ಬೇಸರವಾಗುತ್ತಿತ್ತು. ಅವರಿಗೆ ಆಗುತ್ತಿರಲಿಲ್ಲ.

ಹೀಗೇ ಇನ್ನೊಂದು ದಿನ ಹೋಯಿತು. ಮಧ್ಯಾಹ್ನ ಊಟ ಮಾಡದೆ ಕೂತ ಬ್ರಿಜಿಟ್ ಬಾಯಿಗೆ ನಾನು ಗಂಜಿ ಕಲಸಿ ಕೊಡುತ್ತಿದ್ದೆ. ಅವರ ಬೆನ್ನು ಗೂಡಿನ ಕಡೆಗಿತ್ತು.

“ಮಮ್ಮಿ!” ಫೋನು ಕಿರುಚಿತು. “ಮಮ್ಮಿ, ಕಣ್ಣು! ಕಣ್ಣು ನೋಡು!”

ತಿರುಗಿದರೆ, ಬಲಗಣ್ಣು ಅರ್ಧ ತೆರೆದಿತ್ತು. ಸಾಸಿವೆಯಷ್ಟು ಕರಿಯ ಬೊಟ್ಟು ಮೆಲ್ಲಗೆ ಮೇಲಕ್ಕೆ, ಲೈಟಿನ ಕಡೆಗೆ ಹೋಯಿತು, ಕೆಳಗೆ ಬಂತು, ಆಮೇಲೆ ಬ್ರಿಜಿಟ್ ಬಾಯಿಯ ಕೈಯ ಗಂಜಿ ತಟ್ಟೆಯ ಮೇಲೆ ನಿಂತಿತು.

“ಅವನಿಗೆ ಹಸಿವಾಗಿದೆ ಮಮ್ಮಿ,” ಎಂದಳು ಪರ್ಲ್. ಈಗ ಅಳುತ್ತಿದ್ದಳು. “ನೀನು ಉಣ್ಣು ಮೊದಲು. ಉಂಡು ಆಮೇಲೆ ಕೊಡು.”

ನಾಲಿಗೆ ಹೋಗುತ್ತಿರಲಿಲ್ಲ. ಚಿಮಟದಲ್ಲಿ ಹುಳ ಹಿಡಿದು ದವಡೆಯ ಹತ್ತಿರಕ್ಕೇ ಒಯ್ದರೆ ಕಚ್ಚಿ ತಿಂದಿತು. ಆವತ್ತಿನಿಂದ ಹಾಗೇ ತಿನ್ನಿಸಿದರು.

ಮತ್ತೆ ಎಕ್ಸ್‌ರೇಗೆ ಹೋಗುವಾಗ ಪರ್ಲ್‌ಗೆ ತಿಂಗಳು ತುಂಬುತ್ತಾ ಬಂದಿತ್ತು. ಶಹೀದಾ ಡಾಕ್ಟರು ಹಳೆಯ ಚಿತ್ರವನ್ನೂ ಹೊಸ ಚಿತ್ರವನ್ನೂ ಪಕ್ಕಪಕ್ಕ ಹಚ್ಚಿದಳು. ಬ್ರಿಜಿಟ್ ಬಾಯಿ ಫೋನನ್ನು ಡಾಕ್ಟರ ಮುಂದೆ ಹಿಡಿದು, “ನನಗೆ ಹೇಳ್ಬೇಡಿ, ನೇರ ಅವಳಿಗೆ ಹೇಳಿ,” ಎಂದರು.

“ಪರ್ಲ್, ಬಗ್ಗಿದ ಕಾಲು ಬಗ್ಗಿಯೇ ಇರ್ತದೆ. ನಾಲಿಗೆ ಮೊದಲಿನ ಹಾಗೆ ಆಗ್ಲಿಕ್ಕಿಲ್ಲ, ಅರ್ಧ ದೂರ ಹೋದ್ರೆ ಪುಣ್ಯ. ಆದ್ರೆ ಈ ಬಿಳಿ ಗೆರೆ ನೋಡು. ಹೊಸ ಮೂಳೆ. ಗಟ್ಟಿ ಉಂಟು. ಇವ ಬದುಕ್ತಾನೆ.”

ಆ ಕಡೆ ಪರ್ಲ್ ಉದ್ದಕ್ಕೆ ಉಸಿರು ಬಿಟ್ಟದ್ದು ಕೇಳಿತು. “ಮಮ್ಮಿ ಎಲ್ಲಿ? ಅವಳಿಗೆ ಕೊಡಿ.” ಬ್ರಿಜಿಟ್ ಬಾಯಿ ಫೋನು ತಮ್ಮ ಕಡೆ ತಿರುಗಿಸಿದರು.

“ಮಮ್ಮಿ, ಬೇಬಿ ಬಂದ ಮೇಲೆ ನನಗೆ ನೀನು ಬೇಕು. ಆದ್ರೆ ಎಂತದಾದ್ರೂ ಆದ್ರೆ ಆ ದಿನವೇ ಹೇಳ್ಬೇಕು.”

“ಆ ಗಂಟೆಯೇ ಹೇಳ್ತೇನೆ,” ಎಂದರು ಇವರು.

ಹಿಂದೆ ಬರುವಾಗ ಹ್ಯೂಬರ್ಟ್ ಪೊರ್ಬುಗಳು ಕಾರು ಬಿಡುತ್ತಿದ್ದರು, ನಾನು ಮುಂದೆ ಕೂತಿದ್ದೆ. ಹಿಂದಿನ ಸೀಟಿನಲ್ಲಿ ಬ್ರಿಜಿಟ್ ಬಾಯಿ ಪಾಚುವಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಹಿಡಿದಿದ್ದರು. ಮುಹರ್ರಕ್ ಸೇತುವೆ ಹತ್ತುವಾಗ ಏನೋ ಕೇಳೋಣ ಎಂದು ತಿರುಗಿದರೆ, ತಲೆ ಕಿಟಕಿಗೆ ಒರಗಿ, ಸಣ್ಣಗೆ ಗೊರಕೆ ಹೊಡೆಯುತ್ತಾ ನಿದ್ದೆ ಹೋಗಿದ್ದರು. ಪೊರ್ಬುಗಳಿಗೆ ಕೈಸನ್ನೆ ಮಾಡಿದೆ. ಅವರು ಕನ್ನಡಿಯಲ್ಲಿ ನೋಡಿ ಕಾರನ್ನು ಬಲಕ್ಕೆ ನಿಧಾನದ ಸಾಲಿಗೆ ತಂದರು. ಹಿಂದಿನಿಂದ ಒಬ್ಬ ಹಾರ್ನು ಹೊಡೆದ, ಪಕ್ಕಕ್ಕೆ ಬಂದು ಕೈ ಎತ್ತಿ ಬೈದು ಮುಂದೆ ಹೋದ.

“ಹೋಗು ಮಾರಾಯ, ನಿನಗೆ ಅರ್ಜೆಂಟಿದ್ರೆ ಹೋಗು,” ಎಂದು ಪೊರ್ಬುಗಳು ಪಿಸುಮಾತಿನಲ್ಲಿ ಹೇಳಿ, ಇನ್ನೂ ಮೆಲ್ಲಗೆ ಬಿಟ್ಟರು.